ಆಂದೋಶ್ ಇಟ್ಟುಹೋದ ಏಳು ಸೀಸೆ

ಸಾಯುವ ಹಿಂದಿನ ದಿನ ಆಂದೋಶ್ ಸೂಪು ಉಪ್ಪಾಗಿದೆ ಎಂದು ಜಗಳ ತೆಗೆದಿದ್ದ. ಉಪ್ಪೇನೂ ಆಗಿರಲಿಲ್ಲ. ಬೆಳಗಿನಿಂದ ಧಣಿಗಳ ನೆಲಮಾಳಿಗೆಯಲ್ಲಿ ಪೀಪಾಯಿಯಿಂದ ಪೀಪಾಯಿಗೆ ನಡೆದು, ಒಂದೊಂದರಲ್ಲೂ ಇಂಗಿಹೋದಷ್ಟು ವೈನು ತುಂಬಿ, ಒಂದೊಂದನ್ನೂ ನಾಲಗೆಗೆ ಮುಟ್ಟಿಸಿ ಬಂದಿದ್ದ. ಅಂಥ ದಿನ ಅವನ ಬಾಯಿಗೆ ಯಾವ ಅಡಿಗೆಯೂ ಹಿಡಿಸುತ್ತಿರಲಿಲ್ಲ.

“ಉಪ್ಪಾಗಿದ್ರೆ ನೀರು ಬೆರೆಸ್ಕೋ,” ಎಂದಳು ಅವನ ಹೆಂಡತಿ ಬ್ಲಾಂದೀನ್.

“ನೀರು ಬೆರೆಸೋದು ನಿನ್ನ ತವರಿನವರ ಕಸುಬು.”

“ನಮ್ಮಪ್ಪ ಮಾರ್ತಿದ್ದಿದ್ದು ಹಾಲು. ವೈನಲ್ಲ.”

“ಅದಕ್ಕೇ ಹೇಳಿದ್ದು.”

ಅವಳಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಅವನು ಬ್ರೆಡ್ಡಿನ ತುಂಡಿನಲ್ಲಿ ಬಟ್ಟಲು ಒರೆಸಿ ತಿಂದು, ದೀಪ ಹಿಡಿದು ಅಡಿಗೆಮನೆಯ ಕೆಳಗಿನ ತಮ್ಮದೇ ಸಣ್ಣ ನೆಲಮಾಳಿಗೆಗೆ ಇಳಿದ. ಅಲ್ಲಿ ಜಲ್ಲಿ ಹಾಸಿದ ನೆಲದ ಮೇಲೆ ಏಳು ಸೀಸೆ ಮಲಗಿದ್ದವು. ಅವರ ಮದುವೆಯಾದ ವರ್ಷದ ವೈನು. ಹಿಂದೆ ಸನ್ಯಾಸಿಗಳು ಗೋಡೆ ಕಟ್ಟಿಸಿದ ಹಳೆಯ ತೋಟದ್ದು. ಬರ್ಗಂಡಿಯಲ್ಲಿ ಆ ಗೋಡೆಯೊಳಗಿನ ಹಣ್ಣಿಗೆ ಬೇರೆಯೇ ಮರ್ಯಾದೆ. ಆ ಶರತ್ಕಾಲ ಬ್ಲಾಂದೀನ್ ದ್ರಾಕ್ಷಿ ಕೊಯ್ಯಲು ಕೂಲಿಗೆ ಬಂದವಳು, ಅವನು ಬೆನ್ನ ಮೇಲೆ ಬುಟ್ಟಿ ಹೊರುವವನು. ಹಿಂಡಿದ ರಸ ತೊಟ್ಟಿಯಲ್ಲಿ ಉಕ್ಕಿ ತಣಿಯುವುದರೊಳಗೆ ಮದುವೆ ಆಗಿಹೋಯಿತು. ಧಣಿ ಅದೇ ಸುಗ್ಗಿಯ ವೈನನ್ನು ಉಡುಗೊರೆ ಕೊಟ್ಟರು. ಮೂವತ್ತು ವರ್ಷ ದಾಟಿತ್ತು.

ಗೊಣಗಿಕೊಂಡೇ ಮೇಲೆ ಬಂದ.

“ವೈನು ಇಳಿದಿದೆ ಕಣೇ. ಸೀಸೆಯ ಹೆಗಲಿಗಿಂತ ಕೆಳಗೆ ಹೋಗಿದೆ. ಬಿರಡೆ ಸೋತಿವೆ, ಬದಲಾಯಿಸ್ಬೇಕು.”

“ಹೋದ ವರ್ಷಾನೂ ಇದೇ ಅಂದೆ.”

“ಹುಣ್ಣಿಮೆ ಕಳೆದು ಚಂದ್ರ ಇಳೀಲಿ. ಬಡಗಣ ಗಾಳಿ ಬೀಸ್ಲಿ. ತೆಂಕಣ ಗಾಳೀಲಿ ಬಿಚ್ಚಿದ್ರೆ ಕಲಕಿಹೋಗುತ್ತೆ.”

“ನಿನ್ನ ಸೋಮಾರಿತನಕ್ಕೆ ಆಕಾಶವೆಲ್ಲ ಸಾಕ್ಷಿ ಬರ್ಬೇಕು.”

ಮರುದಿನ ಧಣಿಗಳ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕುಸಿದ. ಎದೆ ನಿಂತಿತು ಎಂದರು. ಸುದ್ದಿ ಬಂದಾಗ ಅವಳು ಈರುಳ್ಳಿ ಸುಲಿಯುತ್ತಿದ್ದಳು. ಕಣ್ಣಲ್ಲಿ ಆಗಲೇ ನೀರಿತ್ತು.

ಆ ಊರಲ್ಲಿ ಹೆಣ ಹೊತ್ತವರು ಮಣ್ಣು ಮಾಡಿ ಬಂದು, ಸತ್ತವನ ಮನೆಯಲ್ಲಿ ನಿಂತೇ, ಅವನ ಅತ್ಯುತ್ತಮ ವೈನನ್ನು ಕುಡಿಯಬೇಕು. ಆಗಲೇ ಅವನನ್ನು ಕಳಿಸಿಕೊಟ್ಟ ಹಾಗೆ. ಮಾಳಿಗೆ ಕೆಲಸದವನ ಮನೆಯಲ್ಲಂತೂ ಇದು ತಪ್ಪುವಂತಿಲ್ಲ. ನಾಲ್ವರು ಬಂದು ನಿಂತರು. ಆಂದೋಶನ ತಮ್ಮ ಸೆಲೆಸ್ತಾಂ, ಪೀಪಾಯಿ ಕಟ್ಟುವ ಪ್ರಾಸ್ಪೇರ್, ತೋಟದ ಆಳುಗಳು ಇಬ್ಬರು. ಬ್ಲಾಂದೀನ್ ಹೂಜಿ ತಂದಿಟ್ಟಳು.

ಸೆಲೆಸ್ತಾಂ ಲೋಟ ಮೂಸಿದ. “ಅತ್ತಿಗೆ, ಇದು ಮಂಗಳವಾರ ಕುಡಿಯೋ ವೈನು.”

“ಇವತ್ತು ಮಂಗಳವಾರವೇ.”

“ಅಣ್ಣ ಕೆಳಗೆ ಇಟ್ಟಿರೋದು ನಂಗೊತ್ತು.”

“ಇಟ್ಟೋನು ಹೋದ. ನಾನಿದೀನಿ.”

ಸೆಲೆಸ್ತಾಂ ಲೋಟವನ್ನು ಹಾಗೇ ಮೇಜಿನ ಮೇಲಿಟ್ಟ. “ಬಾಯಿ ಒಣಗಿಸಿ ಕಳಿಸ್ದೆಯಲ್ಲ ಅವನನ್ನ,” ಎಂದು ಹೊರಟುಹೋದ. ಉಳಿದವರು ಕಣ್ಣು ತಪ್ಪಿಸಿ ಕುಡಿದು ಹೋದರು.

ಊರ ಬಾಯಿಗೆ ಮುಚ್ಚಳವೆಲ್ಲಿ. ಬ್ರೆಡ್ಡಿನ ಅಂಗಡಿಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಜಿಪುಣಿ ಎಂದರು. ಸೆಲೆಸ್ತಾಂ ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದ. ಅವಳು ಯಾರಿಗೂ ಸಮಜಾಯಿಷಿ ಹೇಳಲಿಲ್ಲ. ಹೇಳಲು ಅವಳಿಗೇ ಗೊತ್ತಿರಲಿಲ್ಲ. ಆ ಸೀಸೆಗಳನ್ನು ಕೊನೆಗೆ ಮುಟ್ಟಿದ್ದು ಅವನ ಕೈ. ಅವು ಇದ್ದ ಹಾಗೇ ಇದ್ದರೆ ಅವನ ಕೆಲಸ ಇನ್ನೂ ಮುಗಿದಿಲ್ಲ. ಕೆಲಸ ಬಾಕಿ ಇಟ್ಟು ಹೋಗುವವನಲ್ಲ ಅವನು. ಇಷ್ಟೇ ಅವಳ ತಲೆಯಲ್ಲಿದ್ದದ್ದು. ಮಾಳಿಗೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ದಾರದಲ್ಲಿ ಕಟ್ಟಿಕೊಂಡಳು. ಬಿರಡೆಯ ನೆನಪು ಬರುತ್ತಿತ್ತು. ಚಂದ್ರ ಇಳಿಯುತ್ತಿದ್ದ, ಬಡಗಣ ಗಾಳಿ ಬೀಸುತ್ತಿತ್ತು. ಮುಂದಿನ ಸಲ ಅನ್ನುತ್ತಿದ್ದಳು. ಆಕಾಶವನ್ನು ಸಾಕ್ಷಿಗೆ ಕರೆಯುವ ಸರದಿ ಈಗ ಅವಳದು.

ಮರುವರ್ಷ ಸತ್ತವರ ಹಬ್ಬಕ್ಕೆ ಗೋರಿಯ ಮೇಲೆ ಸೇವಂತಿಗೆ ಇಟ್ಟು ಮನೆಗೆ ಬಂದರೆ, ಅಡಿಗೆಮನೆಯಲ್ಲಿ ಹುಳಿ ವಾಸನೆ. ಬೀಗ ತೆಗೆದು ಇಳಿದಳು. ಒಂದು ಸೀಸೆಯ ಬಿರಡೆ ಕೈಕೊಟ್ಟಿತ್ತು. ವೈನೆಲ್ಲ ಜಲ್ಲಿಯೊಳಗೆ ಇಳಿದು ಕಪ್ಪು ಕಲೆ ಆಗಿತ್ತು. ಸೀಸೆಯಲ್ಲಿ ಮಿಕ್ಕಿದ್ದ ಒಂದು ಗುಟುಕನ್ನು ಬಾಯಿಗೆ ಹಾಕಿಕೊಂಡಳು. ಶುದ್ಧ ಹುಳಿನೀರು. ಬ್ಲಾಂದೀನ್ ಜಲ್ಲಿಯ ಮೇಲೆಯೇ ಕೂತುಬಿಟ್ಟಳು. ಮಣ್ಣು ಮಾಡುವ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಕಾಪಾಡುತ್ತಿದ್ದೇನೆ ಎಂದುಕೊಂಡು ಕೊಲ್ಲುತ್ತಿದ್ದಳು.

ಮುಖ ತೊಳೆದು ನೇರ ಪ್ರಾಸ್ಪೇರನ ಪೀಪಾಯಿ ಕೊಟ್ಟಿಗೆಗೆ ಹೋದಳು. ಅವನು ಬೆಂಕಿಗೆ ಹಲಗೆ ಬಾಗಿಸುತ್ತಿದ್ದ.

“ದಾರಿ ತಪ್ಪಿ ಬಂದ್ಯೋ ಹೇಗೆ?”

“ಬೈಯೋದಿದ್ರೆ ಬೈದ್ಬಿಡು. ಆಮೇಲೆ ಬಿರಡೆ ತಗೊಂಡು ಬಾ.”

ಅವನು ಬೈಯಲಿಲ್ಲ. ಒಣ ಚಳಿಯ ಒಂದು ಬೆಳಿಗ್ಗೆ ಚೀಲ ಹಿಡಿದು ಬಂದ.

“ಚಂದ್ರ ನೋಡ್ಕೊಂಡ್ಯಾ?” ಎಂದಳು.

“ನೋಡ್ದೆ. ಇಲ್ಲದಿದ್ರೆ ನಿನ್ನ ಗಂಡ ಎದ್ದು ಬಂದಾನು.”

ಉಳಿದದ್ದು ಆರು. ಆರರ ಬಿರಡೆಯನ್ನೂ ಪ್ರಾಸ್ಪೇರ್ ಪುಡಿಯಾಗದ ಹಾಗೆ ಮೆಲ್ಲಗೆ ತೆಗೆದ. ಎಲ್ಲದರಲ್ಲೂ ವೈನು ಹೆಗಲಿಗಿಂತ ಕೆಳಗಿತ್ತು.

“ಹೋದ ವರ್ಷದ್ದು ಹೂಜೀಲಿದೆ. ಅದನ್ನೇ ತುಂಬು,” ಎಂದಳು.

“ಮುದುಕನಿಗೆ ಹಾಲುಹಲ್ಲು ಕಟ್ಟಿಸ್ತೀಯಾ? ಇದಕ್ಕೆ ಇದರದ್ದೇ ಆಗ್ಬೇಕು. ಐದು ಉಳೀಬೇಕಂದ್ರೆ ಒಂದು ಹೋಗ್ಬೇಕು ಬ್ಲಾಂದೀನ್.”

“ಹಂಗಾದ್ರೆ ಇರೋದ್ರಲ್ಲಿ ಕೆಟ್ಟಿರೋದನ್ನ ತಗೋ.”

“ಕೆಟ್ಟದ್ದನ್ನ ಒಳ್ಳೇದರ ಮೇಲೆ ಸುರಿದ್ರೆ ಆರೂ ಹೋದಾವು. ಒಳ್ಳೇದನ್ನೇ ಕೊಡ್ಬೇಕು. ಯಾವುದು ಅಂತ ನೀನು ಹೇಳು. ಮನೆ ನಿಂದು.”

ಒಂದೊಂದರಿಂದಲೂ ನಾಲ್ಕು ಹನಿ ಅವಳ ಲೋಟಕ್ಕೆ ಬಿಟ್ಟ. ಈ ವೈನನ್ನು ಅವಳು ಹಿಂದೆ ಕುಡಿದಿದ್ದಳು, ಯುದ್ಧ ಮುಗಿದಾಗ, ಅತ್ತೆ ತೀರಿಕೊಂಡಾಗ. ಆದರೆ ಆಗೆಲ್ಲ ಬಂದವರಿಗೆ ಬಡಿಸುವ ಗಡಿಬಿಡಿ. ರುಚಿ ನೋಡಿದ್ದೇ ಇಲ್ಲ. ಈಗ ನೋಡಿದಳು. ಲೋಟದ ಅಂಚಿನಲ್ಲಿ ಹಳೆಯ ಇಟ್ಟಿಗೆಯ ಬಣ್ಣ. ಮಳೆ ಬಿದ್ದ ಎಲೆಯ ವಾಸನೆ, ಕುದುರೆ ಜೀನಿನ ವಾಸನೆ, ಒಣಗಿದ ಚೆರಿ. ನುಂಗಿದ ಮೇಲೂ ಅದು ಹೋಗಲಿಲ್ಲ. ಬಾಯಲ್ಲೇ ನಿಂತಿತು, ಮೃದುವಾಗಿ, ಅವಸರವಿಲ್ಲದೆ. ಆಂದೋಶನ ಮುಖ ಕಂಡೀತು ಎಂದು ಹೆದರಿದ್ದಳು. ಕಾಣಲಿಲ್ಲ. ವೈನು ಸುಮ್ಮನೆ ಚೆನ್ನಾಗಿತ್ತು. ಅವಳಿಗೆ ಸಿಟ್ಟು ಬಂತು.

“ಅವನಿಲ್ಲದೇನೂ ಚೆನ್ನಾಗಿದೆ ಇದು.”

“ಮತ್ತೆ? ಅದಕ್ಕೇ ತಾನೇ ಅವನು ಇಷ್ಟು ವರ್ಷ ನೋಡ್ಕೊಂಡಿದ್ದು.”

ಬ್ಲಾಂದೀನ್ ಲೋಟ ಕೆಳಗಿಟ್ಟಳು. ಆಮೇಲೆ ನಾಲ್ಕನೆಯ ಸೀಸೆಯನ್ನು ಮುಂದಕ್ಕೆ ತಳ್ಳಿದಳು. ಎಲ್ಲಕ್ಕಿಂತ ಒಳ್ಳೆಯದು ಅದೇ.

ಪ್ರಾಸ್ಪೇರ್ ಅದರಿಂದ ಉಳಿದ ಐದನ್ನೂ ಕತ್ತಿನವರೆಗೆ ತುಂಬಿ ಹೊಸ ಬಿರಡೆ ಬಡಿದ. ನಾಲ್ಕನೆಯದರಲ್ಲಿ ಅರ್ಧದಷ್ಟು ಮಿಕ್ಕಿತು.

“ಮಿಕ್ಕಿದ್ದು ಕೆಲಸ ಮಾಡಿದೋರಿಗೆ,” ಎಂದು ಲೋಟ ಚಾಚಿದ.

“ತಡಿ. ಕೆಲಸ ಮಾಡಿದೋರು ನಾಲ್ಕು ಜನ. ಕರ್ಕೊಂಡು ಬಾ.”

ಅವನಿಗೆ ತಕ್ಷಣ ಅರ್ಥವಾಯಿತು. ಟೋಪಿ ಹಾಕಿಕೊಂಡು ಹೋದ. ಆಳುಗಳಿಬ್ಬರೂ ತೋಟದ ಮಣ್ಣಿನ ಬೂಟಿನಲ್ಲೇ ಬಂದರು. ಸೆಲೆಸ್ತಾಂ ಬಾಗಿಲಲ್ಲೇ ನಿಂತ.

“ಒಂದು ವರ್ಷ ತಡ ಆಯ್ತು ಅತ್ತಿಗೆ.”

“ಒಳಗೆ ಬಾ, ಚಳೀನ ಮನೆಯೊಳಗೆ ಬಿಡಬೇಡ. ಈ ವೈನಿಗೆ ಒಂದು ವರ್ಷ ಯಾವ ಲೆಕ್ಕ.”

ನಾಲ್ವರೂ ನಿಂತೇ ಕುಡಿದರು. ಅವಳು ಕೊನೆಯ ಗುಟುಕು ಕುಡಿದಳು. ಸೆಲೆಸ್ತಾಂ ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಮೂಗು ಕೆಂಪಾಗಿತ್ತು.

“ಈಗ ಹೋದ ನಮ್ಮಣ್ಣ,” ಎಂದ.

“ಹೂಂ,” ಎಂದಳು ಬ್ಲಾಂದೀನ್.

ಹೊಸ ಬಿರಡೆ ಮೊದಮೊದಲು ಬೆವರಿ ವೈನು ಜಿನುಗಬಹುದು, ಒಂದು ತಿಂಗಳು ದಿನಾ ಮುಟ್ಟಿ ನೋಡು ಎಂದು ಪ್ರಾಸ್ಪೇರ್ ಹೇಳಿ ಹೋಗಿದ್ದ. ಆ ತಿಂಗಳು ಮುಗಿದು ಎಷ್ಟೋ ಕಾಲವಾಯಿತು. ಮಾಳಿಗೆಗೆ ಈಗ ಬೀಗವಿಲ್ಲ. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಬ್ಲಾಂದೀನ್ ಕೆಳಗಿಳಿಯುತ್ತಾಳೆ. ಐದೂ ಬಿರಡೆಗಳ ಸುತ್ತ ಹೆಬ್ಬೆರಳು ಆಡಿಸಿ, ಬೆರಳನ್ನು ದೀಪಕ್ಕೆ ಹಿಡಿದು ನೋಡುತ್ತಾಳೆ. ಒಣಗಿರುತ್ತದೆ. ಮೇಲೆ ಬಂದು ಹಾಲು ಕಾಯಿಸುತ್ತಾಳೆ.