ಎಣಿಕೆಗೆ ಸಿಗದ ಗಾಡಿಗಳು

ಮೊಮ್ಮಗಳ ಚಪ್ಪಲಿಗೆ ಡಾಂಬರು ಹತ್ತಿತ್ತು. ಚಿಮಣಿ ಎಣ್ಣೆ ಹಚ್ಚಿ ತಿಕ್ಕುತ್ತ ಕುಳಿತಿದ್ದೆ. ಇಷ್ಟು ವರ್ಷಕ್ಕೆ ನಮ್ಮೂರ ದಾರಿಗೆ ಬಿದ್ದ ಡಾಂಬರು! ಅದರ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಕಾಕಾನ ಮೇಲಿನ ಹಳೆಯ ಸಿಟ್ಟು ನೆತ್ತಿಗೇರಿತು. ಅದೂ ಎಂಥ ದಿನ! ಮೊಮ್ಮಗಳು ಹಸಿಗೂಸನ್ನು ಎತ್ತಿಕೊಂಡು ಸೊಲ್ಲಾಪುರದ ಬಸ್ಸಿನಿಂದ ನಮ್ಮ ಬಾಗಿಲಲ್ಲೇ ಇಳಿದಿದ್ದಳು. ಮರಿಮೊಮ್ಮಗನ ಮುಖ ನೋಡಿದ ಮೇಲೆ ನನಗೆ ಹಸಿವೆಯೂ ಇಲ್ಲ, ನಿದ್ದೆಯೂ ಇಲ್ಲ. ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟೆ. ಇಂಥ ಹೊತ್ತಿನಲ್ಲೂ ಆ ಮನುಷ್ಯ ನೆನಪಾಗಿ ಬಂದು ಎದುರಿಗೆ ನಿಂತ...

ಐವತ್ತರ ದಶಕ. ನಾನು ಮದುವೆಯಾಗಿ ಬಂದ ಹೊಸದು. ತವರು ಸೊಲ್ಲಾಪುರ, ಅವ್ವನನ್ನು ನೋಡಬೇಕೆಂದರೆ ಅಕ್ಕಲಕೋಟದ ತನಕ ಯಾರಾದರೂ ಗಾಡಿ ಹೂಡಬೇಕು. ಅಂಥದರಲ್ಲಿ ಸುದ್ದಿ ಬಂತು: ಸೊಲ್ಲಾಪುರದ ಬಸ್ಸನ್ನು ಅಕ್ಕಲಕೋಟದಿಂದ ತಡವಳದ ಕಡೆಗೂ ಬಿಡುತ್ತಾರಂತೆ. ದಾರಿ ಎರಡಿದ್ದವು, ನಮ್ಮೂರ ಮೇಲೊಂದು, ಹಳ್ಳದಾಚೆಯ ಊರ ಮೇಲೊಂದು. ಯಾವುದನ್ನು ಸುಧಾರಿಸಬೇಕೆಂದು ನೋಡಲು, ಹೋಗಿಬರುವ ಗಾಡಿ ಎಣಿಸಲಿಕ್ಕೆ, ಸರಕಾರದವರು ಎರಡೂ ಕಡೆ ಒಬ್ಬೊಬ್ಬ ಕಾರಕೂನನನ್ನು ಕೂಡಿಸಿದರು. ಗಾಡಿ ಹೆಚ್ಚಿದ್ದ ಕಡೆ ಡಾಂಬರು, ಬಸ್ಸು ಎಂದು ನಮ್ಮ ಕಾರಕೂನ ಬಾಯಿಬಿಟ್ಟು ಹೇಳಿದ. ಕಾಕಾ ನಂಬಬೇಕಲ್ಲ!

ನಮ್ಮ ಕಟ್ಟೆಯ ಮೇಲೆ ಮಂದಿ ಕೂಡಿಸಿದ. "ಬಸ್ ಬಿಡಾವ ಗಾಡಿ ಯಾಕ ಎಣಿಸ್ತಾನ್ರೋ? ಇವತ್ತು ಎಣಿಕಿ, ನಾಳಿ ಸರಕಾರದ ಕರ, ಗಾಲಿಗೊಂದು ಪಟ್ಟಿ! ವಸೂಲಿಗೆ ಬಂದಾಗ ಹೆಂಡ್ರ ಬುಗುಡಿ ಬಿಚ್ಚಿ ಕೊಡ್ತೀರೇನು?"

"ಮತ್ತ ಸಂತಿಗೆ ಹೆಂಗ ಹೋಗೂದ್ರಿ ಕಾಕಾ?" ನನ್ನ ಗಂಡ ಕೇಳಿದರು.

"ಹಳ್ಳ ದಾಟಿ ಆಚಿ ದಾರಿ ಹಿಡೀರಿ. ಪಟ್ಟಿ ಬಿದ್ರ ಆ ಊರಿನ ಸೊಕ್ಕಿನ ಮಂದಿಗೇ ಬೀಳಲಿ!"

ಎಲ್ಲರೂ ತೊಡೆ ತಟ್ಟಿ ನಕ್ಕರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಮೈ ಉರಿಯಿತು. ಆದರೆ ಹೊಸ ಸೊಸೆ ಕಟ್ಟೆಯ ಮಾತಿಗೆ ಬಾಯಿ ಹಾಕುವಂತಿರಲಿಲ್ಲ.

ಸಂತೆಯ ದಿನ ಗಾಡಿಗಳೆಲ್ಲ ಕಿರುಗುಟ್ಟುತ್ತ ಹಳ್ಳ ದಾಟಿದವು. ನಮ್ಮ ಕಾರಕೂನ ಬೇವಿನ ಕೆಳಗೆ ನೊಣ ಹೊಡೆಯುತ್ತ ಕುಳಿತ. ಅವನಿಗೆ ಕುಡಿಯುವ ನೀರನ್ನೂ ಕಾಕಾ ಕೊಡಗೊಡಲಿಲ್ಲ. ಆಚೆಯವನಿಗೆ ಬರೆದು ಬರೆದು ಕೈ ಸೋತಿರಬೇಕು. ಡಾಂಬರು, ಬಸ್ಸು ಎರಡೂ ಆ ಊರಿಗೇ ಹೋದವು. ಪಟ್ಟಿ ಮಾತ್ರ ಯಾರಿಗೂ ಬೀಳಲಿಲ್ಲ.

ಆಮೇಲೆ ಕಾಕಾ ಊರಿನ ಗಾಡಿಗಳನ್ನೆಲ್ಲ ಅಕ್ಕಲಕೋಟಕ್ಕೆ ಹೊಡೆಸಿಕೊಂಡು ಹೋಗಿ ಸಾಹೇಬರ ಕಚೇರಿ ಮುಂದೆ ಸಾಲಾಗಿ ನಿಲ್ಲಿಸಿದ. "ಈಗ ಎಣಿಸ್ರಿ!" ಎಂದನಂತೆ. ಸಾಹೇಬರು ಹೊರಗೆ ಬಂದು ನೋಡಿ, "ಇವನ್ನ ಯಾವೂರಿಂದ ಬಾಡಿಗಿ ತಂದೀರಿ?" ಎಂದರಂತೆ.

ಮುಂದಿನ ಮಳೆಗಾಲದಲ್ಲಿ ಅವ್ವನಿಗೆ ಜಡ್ಡು ಹೆಚ್ಚಾಗಿದೆಯೆಂದು ಸುದ್ದಿ ಬಂತು. ಕೇಳಿದ ಕೂಡಲೇ ಗಾಡಿ ಹೂಡಿದವನು ಕಾಕಾನೇ. ನಮ್ಮ ದಾರಿ ಅಕ್ಕಲಕೋಟದ ತನಕ ಕೆಸರಿನಲ್ಲಿ ಹೂತುಹೋಗಿತ್ತು, ಬಸ್ಸು ಹಿಡಿಯಲು ಹಳ್ಳ ದಾಟಬೇಕು. ಹಳ್ಳ ದಂಡೆ ತುಂಬಿ ಹರಿಯುತ್ತಿತ್ತು. ಎತ್ತುಗಳು ನೀರಿಗೆ ಕಾಲಿಡಲಿಲ್ಲ. ಆಚೆ ದಂಡೆಯಲ್ಲಿ ಸೊಲ್ಲಾಪುರದ ಬಸ್ಸು ಬಂತು, ಯಾರನ್ನೋ ಹತ್ತಿಸಿಕೊಂಡಿತು, ಹೋಯಿತು...

"ಪಟ್ಟಿ ಉಳೀತಲ್ರಿ ಕಾಕಾ?" ಎಂದೆ.

ಅವನು ಎತ್ತಿನ ಬೆನ್ನು ತಟ್ಟುತ್ತ ನಿಂತ. ಹಳ್ಳ ಇಳಿಯುವ ಹೊತ್ತಿಗೆ ಅವ್ವ ಇರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಆದರೂ ಅವನು ಸಾಯುವ ತನಕ ನಾನು ಅವನೊಡನೆ ಇನ್ನೊಂದು ಮಾತು ಆಡಲಿಲ್ಲ.

ಇವತ್ತು ಸಂಜೆ ಅವನ ಮೊಮ್ಮಗನ ಹೆಂಡತಿ ಕೂಸಿಗೆ ಕುಂಚಿಗೆ ಹೊಲಿದು ತಂದಿದ್ದಳು. ಮಾತಿಗೆ ಮಾತು ಬಂದು, "ಆಯಿ, ನಮ್ಮ ಮುತ್ಯಾ ಹೆಂಗಿದ್ರು?" ಎಂದು ಕೇಳಿದಳು.

"ಭಾಳ ಶಾಣ್ಯಾ ಇದ್ದ. ಆ ಶಾಣ್ಯಾತನಾನ ಊರು ಮುಳುಗಿಸ್ತು."

ಅವಳು ನಗುತ್ತ ಕೂಸಿನ ತಲೆಗೆ ಕುಂಚಿಗೆ ಕಟ್ಟಿದಳು. ನಾನೂ ನಕ್ಕೆ. ಆ ಮಾತಿಗೆ ಕೆರಳಿ ಜಗಳಕ್ಕೆ ನಿಲ್ಲಬೇಕಾದವನು ಹೋಗಿ ಎಷ್ಟೋ ಕಾಲವಾಯಿತು. ಅಂದು ಕಟ್ಟೆಯ ಮೇಲೆ ನಕ್ಕವರಲ್ಲೂ ಒಬ್ಬರಿಲ್ಲ. ನಾನು ಹೇಳಿದ್ದಕ್ಕೆ ಹೌದು ಎನ್ನಲಿಕ್ಕೂ, ಅಲ್ಲ ಎನ್ನಲಿಕ್ಕೂ ಈಗ ಯಾರೂ ಉಳಿದಿಲ್ಲ...