ಕಡಲ ಲಕ್ಕಿ

ಹೋದ ವರ್ಷ ಕಡಲ ದಂಡೆಯಲ್ಲಿ ನಡೆಯುತ್ತಿದ್ದಾಗ ಕಾಲಡಿ ಎಲೆ ಜಜ್ಜಿಹೋಗಿ, ಖಾರವೂ ಕಹಿಯೂ ಬೆರೆತ ವಾಸನೆಯೊಂದು ಮೇಲೆದ್ದಿತು. ಬಗ್ಗಿ ನೋಡಿದರೆ ಮರಳಿಗೆ ಅಂಟಿಕೊಂಡು ಹಬ್ಬಿದ ಲಕ್ಕಿ ಗಿಡ. ದುಂಡನೆಯ ಎಲೆ, ಬೂದಿ ಬಳಿದಂಥ ಅದರ ಬೆನ್ನು, ತುದಿಯಲ್ಲಿ ನೇರಳೆ ಹೂ. ಒಂದು ಎಲೆ ಕಿತ್ತುಕೊಂಡೆ.

ಬೆಳಗೊಳದ ನಮ್ಮ ಮನೆಯ ಹಿಂದೆ, ಹೊಳೆ ನಡುವಿನ ಮರಳುದಿಬ್ಬದ ಮೇಲೆ ಇದೇ ಗಿಡವಿತ್ತು. ಅಜ್ಜಿ ಯಾತ್ರೆಗೆ ಹೋದಾಗ ಕಡಲ ದಂಡೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟಿದ್ದು. ಊರಿನ ಯಾವ ಬಾಣಂತಿಗೆ ನೀರೆರೆಯಬೇಕಾದರೂ ಹಂಡೆಗೆ ಅದರ ಸೊಪ್ಪೇ ಬೇಕು ಎಂಬುದು ಅವಳ ಜಂಬ. ತೊಂಬತ್ತರ ದಶಕದ ಒಂದು ಮಳೆಗಾಲ, ತಮ್ಮ ಹುಟ್ಟಿದ ಎಂಟನೇ ದಿನಕ್ಕೆ ಅಮ್ಮನಿಗೆ ಚಳಿಜ್ವರ ಬಂತು. ಅಪ್ಪ ಡಾಕ್ಟರನ್ನು ಕರೆತರಲು ಶ್ರೀರಂಗಪಟ್ಟಣಕ್ಕೆ ಓಡಿದರು. "ಉಳಿಯೋದು ಕಷ್ಟ ಕಣಕ್ಕ" ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ಒಂಬತ್ತು ವರ್ಷದ ನನ್ನನ್ನು ಅಜ್ಜಿ ಸೊಪ್ಪಿಗೆ ಅಟ್ಟಿದಳು. "ತಂದು ಅಂಡೆಗೆ ಆಕೋಗಂಟ ಬಾಯಿ ಬುಡಬ್ಯಾಡ. ಯಾರು ಕರುದ್ರೂ ಓ ಅನ್ಬ್ಯಾಡ. ಓ ಅಂದ್ರೆ ಸೊಪ್ಪಿನ ಗುಣ ಒಂಟೋಯ್ತದೆ."

ಮೊಣಕಾಲುದ್ದದ ನೀರು ದಾಟಿ ಹೋಗಿದ್ದೆ. ಮಡಿಲು ತುಂಬ ಕಿತ್ತುಕೊಂಡು ತಿರುಗಿದರೆ ದಾಟಿದ್ದ ಕಲ್ಲುಗಳೇ ಕಾಣಲಿಲ್ಲ. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ದಡದಿಂದ ಅಜ್ಜಿಯ ಕೂಗು ಕೇಳಿಸಿತು, "ಪದ್ಮೀ, ಎಲ್ಲಿದ್ದೀಯೆ, ಓ ಅನ್ನೇ." ಓ ಎಂದರೆ ಅಮ್ಮ ಸಾಯುತ್ತಾಳೆ, ಅನ್ನದಿದ್ದರೆ ನಾನು ಸಾಯುತ್ತೇನೆ. ಕೈ ಬೀಸಿದೆ. ಪೊರೆ ಬಂದ ಅವಳ ಕಣ್ಣಿಗೆ ನಾನು ಕಾಣಲಿಲ್ಲ. ಕರೆಯುತ್ತಲೇ ಅವಳು ನೀರಿಗಿಳಿದಳು, ಅದೂ ನನ್ನ ಕಡೆಗಲ್ಲ, ಆಳದ ಕಡೆಗೆ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಕಾಲು ಜಾರಿ ಅವಳ ತಲೆ ಒಮ್ಮೆ ಮುಳುಗಿ ಎದ್ದಿತು. ನಾನು "ಅಜ್ಜೀ" ಎಂದು ಕಿರುಚಿಬಿಟ್ಟೆ.

"ಓ" ಎಂದಳು. ದನಿ ಬಂದ ಕಡೆಗೆ ತಿರುಗಿ, ಜೊಂಡು ಹಿಡಿದು ಹಿಡಿದು ಬಂದು ನನ್ನನ್ನು ಹೊತ್ತುಕೊಂಡಳು. ದಡ ಮುಟ್ಟಿದ ಮೇಲೆ ಅಮ್ಮನನ್ನು ನಾನೇ ಕೊಂದೆ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅಜ್ಜಿ ಸೆರಗಿನಲ್ಲಿ ನನ್ನ ಮುಖ ಒರೆಸಿ, "ಅಳಬ್ಯಾಡ ಬುಡು. ನೀನೆಲ್ಲವ್ವ ಓ ಅಂದೆ? ಕರುದೋಳು ನೀನು, ಓ ಅಂದೋಳು ನಾನು" ಎಂದಳು.

ಮಡಿಲಲ್ಲಿ ಉಳಿದಿದ್ದ ಸೊಪ್ಪನ್ನು ಅಜ್ಜಿ ಹಂಡೆಗೆ ಹಾಕಿದಳು. ಆದರೂ ಜ್ವರ ಇಳಿಯುವವರೆಗೆ ಮೂರು ದಿನ ಅಮ್ಮನ ಉಸಿರನ್ನೇ ನೋಡುತ್ತಾ ಕೂತಿದ್ದೆ. ಅಮ್ಮ ಉಳಿದಳು. ಡಾಕ್ಟರ ಸೂಜಿಯಿಂದಲೋ, ಅಜ್ಜಿಯ ಸೊಪ್ಪಿನಿಂದಲೋ, ಯಾರು ಬಲ್ಲರು. ಮುಂದೊಂದು ಪ್ರವಾಹದಲ್ಲಿ ದಿಬ್ಬ ಹೋಯಿತು, ಗಿಡ ಹೋಯಿತು, ಆಮೇಲೆ ಅಜ್ಜಿಯೂ ಹೋದಳು.

ಕಡಲ ದಂಡೆಯಲ್ಲಿ ಆ ಎಲೆಯನ್ನು ಮೂಗಿಗೆ ಹಿಡಿದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ "ಅಜ್ಜೀ" ಎಂದೆ. ತುಸು ಹೊತ್ತು ಕಾದು ನಿಂತೆ.