ಸವಣೂರಿನ ಚಾಚಾ ಮತ್ತು ಸಾಹುಕಾರರ ಸ್ಪೋರ್ಟ್ಸ್ ಕಾರು

ನನ್ನ ಮಗಳ ಬಾಯಲ್ಲಿ ಸದಾ ಒಂದೇ ಮಾತು: ಚಾಚಾ. ಚಾಚಾ ಹಿಂಗ ಮಾಡ್ತಾರ, ಚಾಚಾ ಹಂಗ ಅಂತಾರ. ರೊಟ್ಟಿ ಮುರಿಯುವಾಗ ಚಾಚಾ, ಕೈ ತೊಳೆಯುವಾಗ ಚಾಚಾ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಹಾನಗಲ್ಲಿನಲ್ಲಿ ನನ್ನದೇ ಗ್ಯಾರೇಜು ಇದೆ. ಆದರೂ ಅವಳು ಡಿಪ್ಲೊಮಾ ಮುಗಿಸಿದ ಮೇಲೆ, "ಅಪ್ಪನ ಕೈಯಾಗ ಕಲತ್ರ ಬರೇ ಸಲಿಗಿ ಆಗ್ತೈತಿ" ಎಂದು ನನ್ನ ಹೆಂಡತಿ ಅವಳನ್ನು ಸವಣೂರಿನ ಗ್ಯಾರೇಜಿಗೆ ಕಳಿಸಿದಳು. ಅಲ್ಲಿನ ಹಿರಿಯ ಮಿಸ್ತ್ರಿಯೇ ಈ ಚಾಚಾ. ಒಂದು ವರ್ಷ ಕಲಿತು ಬರುವುದೆಂದು ಮಾತಾಗಿತ್ತು. ವರ್ಷ ಮುಗಿಯಿತು, ಮಗಳು ಮಹಾನವಮಿಗೆ ಮನೆಗೆ ಬಂದಳು. ಇನ್ನು ಮುಂದೆ ನನ್ನ ಗ್ಯಾರೇಜಿಗೇ ಬಾ ಎಂದೆ. "ನೋಡೋಣು ತಡಿಯಪ್ಪಾ" ಎಂದಳು. ನೋಡುವುದೇನು ಬಂತು ಇದರಲ್ಲಿ? ನನ್ನ ಮಗಳು, ನನ್ನ ಗ್ಯಾರೇಜು.

ಹಬ್ಬ ಮುಗಿದ ಎರಡನೆಯ ದಿನವೇ ಅಕ್ಕಿ ಗಿರಣಿಯ ಸಾಹುಕಾರರು ತಮ್ಮ ಹಳೆಯ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು. ಎರಡೇ ಸೀಟಿನ ಪರದೇಶದ ಗಾಡಿ. ಮೊದಲಿನಿಂದಲೂ ಅದಕ್ಕೆ ನನ್ನ ಕೈ ಬಿಟ್ಟು ಬೇರೆ ಕೈ ತಾಗಿಲ್ಲ.

"ಎಕ್ಸಲೇಟರ್ ಒತ್ತಿದ್ರ ಗಕ್ಕನ ತಡದು ಆಮ್ಯಾಲ ಓಡತೈತಿ" ಎಂದರು ಸಾಹುಕಾರರು. "ಓವರ್‌ಡ್ರೈವ್ ಅಂತೂ ಬೀಳವಲ್ದು."

ಆ ಗಾಡಿಯ ಗೇರಿನ ಹಿಡಿಕೆಯ ಮೇಲೆ ಒಂದು ಸಣ್ಣ ಸ್ವಿಚ್ಚು ಇದೆ. ಟಾಪ್ ಗೇರಿನಲ್ಲಿ ಅದನ್ನು ಒತ್ತಿದರೆ ಓವರ್‌ಡ್ರೈವ್ ಬೀಳುತ್ತದೆ. ವೇಗ ಅಷ್ಟೇ ಇರುತ್ತದೆ, ಎಂಜಿನ್ನಿನ ಅರಚಾಟ ಮಾತ್ರ ಇಳಿಯುತ್ತದೆ. ಮಗಳು ಆಗಲೇ ಬಾನೆಟ್ಟಿನೊಳಗೆ ತಲೆ ಹಾಕಿದ್ದಳು. ಬರಲಿ, ಅಪ್ಪನ ಕೈ ಎಂಥದ್ದೆಂದು ನೋಡಲಿ, ಆಮೇಲೆ ಸವಣೂರಿನ ಹೆಸರು ಎತ್ತಲಿಕ್ಕಿಲ್ಲ ಎಂದುಕೊಂಡೆ.

ಮೊದಲನೆಯ ರೋಗ ನನಗೆ ನೀರು ಕುಡಿದಷ್ಟು ಸಲೀಸು. ಆ ಗಾಡಿಯ ಕಾರ್ಬೊರೇಟರಿನ ತಲೆಯಲ್ಲಿ ಒಂಚೂರು ತೆಳು ಎಣ್ಣೆ ಇರಬೇಕು, ಅದು ಒಣಗಿದರೆ ಗಾಡಿ ಮುಗ್ಗರಿಸುತ್ತದೆ. ಮುಚ್ಚಳ ತಿರುವಿ ನೋಡಿದೆ, ಖಾಲಿ. ಎಣ್ಣೆ ಹನಿಸಿ ಎಕ್ಸಲೇಟರ್ ಒತ್ತಿದೆ. ತಡೆಯಿಲ್ಲದೆ ಗುಡುಗಿತು.

"ಭಾರೀ ಆತಲ್ಲಪ್ಪಾ!" ಎಂದಳು ಮಗಳು. ಎದೆ ಉಬ್ಬಿತು. ಆದರೆ ಆ ಹುಡುಗಿ ಅಷ್ಟಕ್ಕೇ ಬಿಡಬೇಕಲ್ಲ? "ಚಾಚಾನೂ ಇದನ್ನ ಮೊದಲ ನೋಡ್ತಾರ" ಎಂದಳು. ಉಬ್ಬಿದ್ದು ಅಲ್ಲಿಗೇ ಇಳಿಯಿತು.

ಓವರ್‌ಡ್ರೈವ್ ಮಾತ್ರ ನನ್ನ ಜೀವ ತಿಂದಿತು. ಗೇರ್‌ಬಾಕ್ಸಿನ ಎಣ್ಣೆ ಸರಿಯಿತ್ತು. ಸ್ವಿಚ್ಚು ಸರಿಯಿತ್ತು. ಓವರ್‌ಡ್ರೈವ್ ಎಳೆಯುವ ಸೊಲೆನಾಯ್ಡ್ ಬಿಚ್ಚಿ ನೇರ ಬ್ಯಾಟರಿಗೆ ಹಚ್ಚಿದರೆ ಟಕ್ಕೆಂದು ಬಡಿಯುತ್ತದೆ, ಗಾಡಿಗೆ ಕೂಡಿಸಿದರೆ ಸತ್ತಂತೆ ಸುಮ್ಮನಿರುತ್ತದೆ. ಮಗಳು ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ಬಗ್ಗಿದಾಗೆಲ್ಲ "ಕೊಡ ಇಲ್ಲೆ, ನಿನಗ ತಿಳಿಯಂಗಿಲ್ಲ" ಎಂದು ಕಸಿದುಕೊಂಡೆ.

"ಚಾಚಾಗ ಒಂದ್ ಫೋನ್ ಹಚ್ಚಲೇನು?"

"ಹಚ್ಚು! ಅವನ್ನ ಇಲ್ಲೇ ಕರಿಸಿಬಿಡು! ನಾ ಬಾಗಲಾ ಹಾಕ್ಕೊಂಡು ಮನೀಗೆ ಹೋಗ್ತೇನಿ!"

ಅವಳು ಫೋನ್ ಹಚ್ಚಲಿಲ್ಲ. ನಾನು ಸಿಟ್ಟಿನಲ್ಲಿ ಮುಖ ತೊಳೆಯಲು ಹೋಗಿ ಬರುವುದರೊಳಗೆ ಅವಳ ಕಾಲೆರಡೇ ಗಾಡಿಯ ಹೊರಗೆ ಕಾಣುತ್ತಿದ್ದವು, ಒಳಗಿನಿಂದ ಉಸುಕಿನ ಕಾಗದ ತಿಕ್ಕುವ ಸಪ್ಪಳ ಬರುತ್ತಿತ್ತು.

"ಅಪ್ಪಾ, ಖಂಡೇಪೂಜಿಗೆ ಈ ಗಾಡಿಗೆ ಬಣ್ಣಾ ಬಳದಾವ್ರು ಯಾರು?"

ಯಾರು ಅಂದರೆ? ನಾನೇ. ನಮ್ಮ ಕಡೆ ಮಹಾನವಮಿಯ ಪೂಜೆಗೆ ಗಾಡಿ ತೊಳೆದು, ತಳಭಾಗಕ್ಕೆಲ್ಲ ಕರಿ ಬಣ್ಣ ಬಳಿದು, ಮದುಮಗನ ಹಾಗೆ ನಿಲ್ಲಿಸುವುದು ರೂಢಿ. ಚೊಕ್ಕ ಕಾಣಲೆಂದು, ಸೊಲೆನಾಯ್ಡಿನಿಂದ ಗಾಡಿಯ ಕಬ್ಬಿಣಕ್ಕೆ ಕೂಡುವ ಅರ್ಥಿಂಗ್ ವೈರು ಬಿಚ್ಚಿ ಬಳಿದಿದ್ದೆ, ಬಣ್ಣದ ಮೇಲೆಯೇ ವೈರು ಕೂಡಿಸಿ ಬೋಲ್ಟ್ ಬಿಗಿದಿದ್ದೆ. ಬಣ್ಣದೊಳಗೆ ಕರೆಂಟು ಹೆಂಗೆ ಹಾದೀತು? ಅವಳು ಕಬ್ಬಿಣ ಹೊಳೆಯುವ ತನಕ ತಿಕ್ಕಿ ವೈರು ಕೂಡಿಸಿದಳು. ಸ್ವಿಚ್ಚು ಒತ್ತಿದೆ. ಟಕ್!

"ಅಪ್ಪಾ ಮಗಳು ಕೂಡಿ ಓಡಿಸಿ ನೋಡ್ರಿ" ಎಂದರು ಸಾಹುಕಾರರು. ಬಂಕಾಪುರ ದಾಟಿ ಶಿಗ್ಗಾಂವಿಯ ಕಡೆ ಹೆದ್ದಾರಿಗೆ ಹತ್ತಿದೆ. ಟಾಪ್ ಗೇರಿಗೆ ಹಾಕಿ ಸ್ವಿಚ್ಚು ಒತ್ತಿದೆ. ಎಂಜಿನ್ನಿನ ದನಿ ತಣ್ಣಗಾಯಿತು, ಗಾಡಿ ತೇಲಿದಂತೆ ಓಡಿತು. ಮಗಳು ಚಪ್ಪಾಳೆ ಹೊಡೆದು ನಕ್ಕಳು. ನನಗೆ ಮಾತ್ರ ಒಂದೇ ಹುಳ ಕೊರೆಯುತ್ತಿತ್ತು.

"ಇದನ್ನ ಅವಾ ಕಲಿಸಿದ್ದಲ್ಲಾ?"

"ಇಲ್ಲಪ್ಪಾ. ಅಲ್ಲೆ ನಾನೂ ಹಿಂಗ ಬಣ್ಣದ ಮ್ಯಾಲ ವೈರ್ ಕೂಡಿಸಿದ್ದೆ. ಇಡೀ ದಿನಾ ಹುಡುಕಿದ್ದೆ."

"ಅವ ಹೇಳಲಿಲ್ಲೇನು?"

"ಊಂಹೂಂ."

ನನಗಾದ ಖುಷಿ ಅಷ್ಟಿಷ್ಟಲ್ಲ. "ನೋಡು ಮತ್ತ! ಗೊತ್ತಿದ್ದೂ ಹೇಳಿಲ್ಲ. ಮಗಳಂಥಾ ಹುಡುಗಿ ಕೆಳಗ ಬಿದ್ದು ಒದ್ದಾಡೂ ಮುಂದ ನಿಮ್ಮ ಚಾಚಾ ಏನ್ ಮಾಡಾಕತ್ತಿದ್ದಾ?"

"ಚಹಾ ಕುಡಿಯಾಕ ಹೋಗಿದ್ರು."

"ಇಡೀ ದಿನಾ?"

"ನಾ ತಪ್ಪ ಮಾಡಿದಾಗೆಲ್ಲಾ ಎದ್ದು ಚಹಾಕ್ಕ ಹೋಗ್ತಾರಪ್ಪಾ. ನಾನೇ ಸರಿ ಮಾಡಿದ ಮ್ಯಾಲ ಬರ್ತಾರ." ರಸ್ತೆಯನ್ನೇ ನೋಡುತ್ತ ಹೇಳಿದಳು, "ನಾ ಇನ್ನ ಮುಂದೂ ಸವಣೂರಾಗೇ ಇರ್ತೇನಿ."

ನಾನು ಸ್ವಿಚ್ಚು ಒತ್ತಿ ಓವರ್‌ಡ್ರೈವ್ ತೆಗೆದೆ, ಎಂಜಿನ್ನು ಮತ್ತೆ ಅರಚತೊಡಗಿತು. ಅವನ ಕೈಗೆ ನನ್ನ ಕೈ ಯಾವತ್ತಾದರೂ ಸೆಡ್ಡು ಹೊಡೆದೀತು. ಆ ಚಹಾಕ್ಕೆ ನಾನೇನು ಮಾಡಲಿ?